ಅಜ್ಜನ ಕ್ಯಾಸೆಟ್ಟು, ನನ್ನ ಡ್ಯಾಕು

ನಾನು ಹೇಳುವುದನ್ನು ನಂಬುವುದಿಲ್ಲ ಅನ್ನುವವರು ಈಗಲೇ ಕೈ ಎತ್ತಿಬಿಡ್ರಿ. ಎತ್ತಿದ ಕೈಯನ್ನು ನೀವಾಗಿಯೇ ಇಳಿಸುವ ಹಾಗೆ ಮಾಡದಿದ್ದರೆ ನಾನು ಜುಗೂಳದವನೇ ಅಲ್ಲ. ಕೃಷ್ಣಾ ನದಿಯ ಈ ದಂಡೆಯಲ್ಲಾಗಲಿ ಆ ದಂಡೆಯಲ್ಲಾಗಲಿ ನನಗಿಂತ ಚುರುಕು ಕಿವಿ ಇನ್ನೊಬ್ಬನಿಗಿಲ್ಲ. ಹೊಲದ ಬದುವಿನ ಮೇಲೆ ಕಣ್ಣು ಮುಚ್ಚಿ ನಿಂತು, ದೂರದಿಂದ ಬರುತ್ತಿರುವುದು ಯಾರ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಕಬ್ಬು ತುಂಬಿದೆಯೋ ಖಾಲಿಯೋ, ನಡೆಸುವವನು ಮಾಲಕನೋ ಮಾಲಕನ ಅಳಿಯನೋ, ಎಲ್ಲಾ ಹೇಳಿಬಿಡುತ್ತೇನೆ. ಅಳಿಯನಾದರೆ ಗೇರು ಕಿರುಚುತ್ತದೆ. ಇಂಥ ಕಿವಿ ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಾನು ಸುಮ್ಮನೆ ಕೂತರೂ ಅವು ಬಂದು ಬಾಗಿಲು ಬಡಿಯುತ್ತವೆ. ಬಡಿದದ್ದು ಎಡಗೈಯೋ ಬಲಗೈಯೋ ಅನ್ನುವುದೂ ನನಗೆ ಗೊತ್ತಾಗುತ್ತದೆ.

ಎಲ್ಲಾ ಶುರುವಾದದ್ದು

ಚಿಕ್ಕೋಡಿಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನದು. ಆಗ ನಮ್ಮ ಜುಗೂಳ ಇನ್ನೂ ಅಥಣಿ ತಾಲೂಕಿನಲ್ಲಿತ್ತು. ಜನ ಮೊಬೈಲಿಗೆ ಹಾಡು ತುಂಬಿಸಿಕೊಳ್ಳಲು ಅಂಗಡಿಗೆ ಬಂದು ಸಾಲು ನಿಲ್ಲುತ್ತಿದ್ದ ಕಾಲ.

ನಮ್ಮ ಅಜ್ಜ ಭಜನೆ ಹಾಡುಗಾರ. ಅವನು ಹೋಗಿ ಬಹಳ ವರ್ಷವಾಯಿತು. ಅವನ ದನಿ ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ದಿಗ್ಗೇವಾಡಿ ಕಡೆಯ ಒಬ್ಬ ದೊಡ್ಡ ಬುವಾ ನಮ್ಮೂರ ಭಜನಾ ಮಂಡಳಿಗೆ ಬಂದಿದ್ದಾಗ ತುಂಬಿಕೊಂಡದ್ದು. ಬುವಾ ಅಂದರೆ ನಮ್ಮಲ್ಲಿ ಭಜನೆಯ ಗುರು. ಇವರಂತೂ ಭಜನೆಯ ಹೈಕೋರ್ಟು. ಯಾರನ್ನೂ ಹೊಗಳಿದವರಲ್ಲ. ಅಂಥವರ ಎದುರು ಕೂತು ಅಜ್ಜ ಹಾಡಿದ್ದಾನೆ. ಹಾಡು ಏರುತ್ತಿರುವಾಗಲೇ ಹಿಂದಿನಿಂದ ಯಾರೋ ಏನೋ ಅನ್ನುತ್ತಾರೆ. ಮನೆಯ ಹಳೇ ಟೇಪ್‌ರೆಕಾರ್ಡರಿನ ಗರಗರದಲ್ಲಿ ಅದರ ಬಾಲ ಮಾತ್ರ ಕಿವಿಗೆ ಹತ್ತುತ್ತದೆ: ‘...ಬಸ್’.

ನಮ್ಮ ಮನೆಯಲ್ಲಿ ಅದು ‘ಶಾಬಾಸ್’. ನಾನು ಹುಟ್ಟಿದಾಗಿನಿಂದ ಶಾಬಾಸ್. ಬುವಾ ಒಬ್ಬರಿಗೇ ಶಾಬಾಸ್ ಅಂದದ್ದು, ಅದು ನಮ್ಮ ಅಜ್ಜನಿಗೆ. ಆದರೆ ಮಂಡಳಿಯ ಈಗಿನ ಅಧ್ಯಕ್ಷ, ಎಪ್ಪತ್ತು ದಾಟಿದ ಕಾಕಾ, ಒಪ್ಪುತ್ತಿರಲಿಲ್ಲ. ಅವರು ಆ ಕಾಲದಲ್ಲಿ ಬುವಾನ ಶಿಷ್ಯರು. ಬುವಾನ ಊರಲ್ಲೇ ಇದ್ದು, ಹಾರ್ಮೋನಿಯಂ ಪೇಟಿ ಹೊತ್ತು ಅವರ ಹಿಂದೆ ತಿರುಗಿದವರು. ಅವರ ಪ್ರಕಾರ ಬುವಾ ಅಂದದ್ದು ಬರೀ ‘ಬಸ್’. ಅಂದರೆ ಸಾಕು, ಮುಚ್ಚು. ನಮ್ಮ ಕಡೆ ಮೂರನೇ ರೊಟ್ಟಿ ಬೇಡ ಅನ್ನಲಿಕ್ಕೂ ಬಸ್, ಎಮ್ಮೆಗೆ ಹಾಕಿದ ಹಿಂಡಿ ಸಾಕು ಅನ್ನಲಿಕ್ಕೂ ಬಸ್.

ಒಂದು ಸೋಮವಾರ ಭಜನೆ ಮುಗಿದ ಕೂಡಲೇ ನಾನು ಎದ್ದು ನಿಂತೆ.

“ಕಾಕಾ, ಅದು ಶಾಬಾಸ್ ಐತಿ. ನನ್ನ ಕಿವಿ ಸುಳ್ಳ ಹೇಳೂದಿಲ್ಲ.”

“ತಮ್ಮಾ, ಬುವಾನ ಬಾಜೂಕ ಕುಂತಾಂವ ನಾನು. ನೀ ಇನ್ನೂ ಹುಟ್ಟಿರಲಿಲ್ಲ.”

“ಹುಟ್ಟಿದ್ರ ಅವತ್ತ ತೀರ್ಮಾನ ಆಗಿರ್ತಿತ್ತು!”

ಅಲ್ಲಿಗೆ ಪಣ ಬಿತ್ತು. ಅಜ್ಜ ಬಾರಿಸುತ್ತಿದ್ದ ಹಿತ್ತಾಳೆ ತಾಳ ಮಂಡಳಿಯ ಟ್ರಂಕಿನಲ್ಲಿದೆ. ನಮ್ಮ ಅಪ್ಪ ಎರಡು ಸಲ ಕೇಳಿದ್ದ. “ಕಿವಿ ಇದ್ದಾಂವಂಗ ಕೊಡೂದು” ಅಂತ ಕಾಕಾ ಎರಡೂ ಸಲ ಟ್ರಂಕಿನ ಮೇಲೆ ಕೂತುಬಿಟ್ಟಿದ್ದರು. ಈಗ ಎಲ್ಲರ ಎದುರು ಶಾಬಾಸ್ ಅಂತ ಕೇಳಿಸಿದರೆ ತಾಳ ನನ್ನದು. ಬಸ್ ಅಂತ ಕೇಳಿಸಿದರೆ ನನಗೆ ಕಿವಿಯೇ ಇಲ್ಲ ಅಂತ ಒಪ್ಪಿಕೊಂಡು, ಒಂದು ವರ್ಷ ಪ್ರತಿ ಸೋಮವಾರ ಭಜನೆಗೆ ಜಮಖಾನೆ ಹಾಸಿ, ಮುಗಿದ ಮೇಲೆ ಝಾಡಿಸಿ, ಮಡಿಚಿ ಇಡಬೇಕು. ನನ್ನಂಥವನು ಊರ ಮುಂದೆ ಜಮಖಾನೆ ಝಾಡಿಸುವುದು! ವಿಚಾರ ಮಾಡ್ರಿ.

ಸ್ಟುಡಿಯೋಕ್ಕೆ ಬಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಹೆಡ್‌ಫೋನ್ ಹಾಕಿಕೊಂಡರೆ ಗುಂಯ್ ಅಂತ ಹಿಟ್ಟಿನ ಗಿರಣಿ. ಮೌಸ್ ಸರಿಸಿದರೆ ಚೀಂವ್. ಹಾಡು ನಿಲ್ಲಿಸಿದರೂ ಗಿರಣಿ ನಿಲ್ಲದು. ಅಂದರೆ ದೋಷ ಕ್ಯಾಸೆಟ್ಟಿನದಲ್ಲ, ಕಂಪ್ಯೂಟರಿನದು. ಇಂಟರ್ನೆಟ್ಟಿನಲ್ಲಿ ಮೂರು ದಿನ ಓದಿದೆ. ಕಂಪ್ಯೂಟರಿನೊಳಗೆ ಹಾಡು ಅನ್ನುವುದು ಬರೀ ಅಂಕಿ. ಅಂಕಿಯನ್ನು ದನಿ ಮಾಡುವ ಕೆಲಸ ಅದರ ಗದ್ದಲದ ಹೊಟ್ಟೆಯೊಳಗೇ ನಡೆದರೆ ಆ ಗದ್ದಲವೂ ದನಿಯೊಳಗೆ ಸೇರುತ್ತದೆ. ಆದ್ದರಿಂದ ಅದನ್ನು ಹೊರಗೆ, ಮೇಜಿನ ಮೇಲೆ, ಬೇರೊಂದು ಡಬ್ಬಿಯಲ್ಲಿ ಮಾಡಿಸಬೇಕು. ಆ ಡಬ್ಬಿಯ ಹೆಸರು ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಡಿ, ಎ, ಸಿ. ಕರೆಯುವ ಹೆಸರು ಡ್ಯಾಕ್.

ಇದನ್ನೆಲ್ಲ ನಮ್ಮ ಸ್ಟುಡಿಯೋ ಮಾಲಕರಿಗೆ ಅರ್ಧ ತಾಸು ವಿವರಿಸಿದೆ. ಅವರು ಚಹಾ ಕುಡಿಯುತ್ತ ಎಲ್ಲಾ ಕೇಳಿ ಅಂದರು:

“ಅಂದ್ರ ಸೂತಕದ ಮನ್ಯಾಗ ಒಲಿ ಹೊತ್ತಸಬಾರದು, ಬಾಜೂ ಮನ್ಯಾಗ ಅಡಗಿ ಮಾಡಿಸಿಕೊಂಡು ಬರಬೇಕು. ಇಷ್ಟ ಹೌದಲ್ಲೋ?”

ಇಂಟರ್ನೆಟ್ಟು ಮೂರು ದಿನ ಬಡಕೊಂಡದ್ದನ್ನು ಮನುಷ್ಯ ಅರ್ಧ ಕಪ್ ಚಹಾದಲ್ಲಿ ಮುಗಿಸಿಬಿಟ್ಟ.

ನಿಪ್ಪಾಣಿಯಲ್ಲಿ ಉಲ್ಟಾ ಗಿರಾಕಿ

ಡ್ಯಾಕ್ ಎಲ್ಲಿ ಸಿಗುತ್ತದೆ? ದೊಡ್ಡ ಪ್ಯಾಟಿ ಅಂದರೆ ನಿಪ್ಪಾಣಿ. ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಹೊಕ್ಕೆ.

“ಕಾಯ್ ಪಾಯಿಜೇ?” ಅಂದ ಅಂಗಡಿಯವ, ಏನು ಬೇಕು ಅಂತ.

“ಕನ್ವರ್ಟರ್ ಕೊಡ್ರಿ.”

ತಿರುಗಿಯೂ ನೋಡದೆ ಹಿಂದಿನ ಡಬ್ಬಿಗೆ ಕೈ ಹಾಕಿ, ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿಗೆ ಹೊಂದಿಸುವ ಒಂದು ಬಿಳಿ ಪ್ಲಗ್ ತೆಗೆದು ಗಾಜಿನ ಮೇಲೆ ಇಟ್ಟ.

“ಇದಲ್ಲರಿ. ಡಿಜಿಟಲ್ ಇರತೈತಲ್ಲ, ಅದು.”

“ಹಂಗ ಹೇಳ್ರಿ!” ಅಂದು ಟಿ.ವಿ.ಗೆ ಹಚ್ಚುವ ಸೆಟ್‌ಟಾಪ್ ಬಾಕ್ಸ್ ತಂದ.

“ಇದೂ ಅಲ್ಲರಿ. ಡಿಜಿಟಲ್ ಇದ್ದದ್ದನ್ನ ಅನಲಾಗ್ ಮಾಡೂದು.”

ಈಗ ಅವನು ನನ್ನನ್ನು ಸರಿಯಾಗಿ ನೋಡಿದ.

“ಅಂದ್ರ, ಹೊಸಾದನ್ನ ಹಳೇದ ಮಾಡೂದು?”

“ಹೂಂ ಅನ್ರಿ.”

“ಅರೇ ದೇವಾ! ಇಡೀ ನಿಪ್ಪಾಣಿ ಹಳೇದ ಕೊಟ್ಟು ಹೊಸಾದ ಒಯ್ಯಾಕತ್ತೈತಿ. ನೀ ಒಬ್ಬಾಂವ ಎಲ್ಲಿಂದ ಬಂದಿಯೋ ಉಲ್ಟಾ?”

ನಾನು ಅವನಿಗೆ ಅಂಕಿ, ದನಿ, ಗದ್ದಲ ಎಲ್ಲಾ ತಿಳಿಸಲು ಶುರು ಮಾಡಿದೆ. ಸೂತಕದ ಮನೆಯ ಉದಾಹರಣೆಯನ್ನೂ ಕೊಟ್ಟೆ. ಅವನು ಗಾಬರಿಯಾಗಿ “ಯಾರು ತೀರಿಕೊಂಡ್ರಿ?” ಅಂದ. ಅಷ್ಟರಲ್ಲಿ ಬಾಜೂಕ ನಿಂತಿದ್ದ ತಂಬಾಕು ಬೆಳೆಯುವ ಮುದುಕನೊಬ್ಬ, ಆಗಷ್ಟೇ ಕೊಂಡ ಹೊಸ ರೇಡಿಯೋವನ್ನು ಧೋತರದ ಚುಂಗಿನಿಂದ ಒರೆಸುತ್ತ ಅಂದ:

“ಹೊಸಾದನ್ನ ಹಳೇದ ಮಾಡಾಕ ಡಬ್ಬಿ ಯಾಕ ಬೇಕೋ ತಮ್ಮಾ? ನನ್ನ ಅಳಿಯನ ಕೈಯಾಗ ಕೊಡು. ಎಂಟ ದಿನದಾಗ ಮಾಡಿ ಕೊಡ್ತಾನ.”

ನಾನು ಸೋತು ಬಂದೆ ಅಂತ ತಿಳಿಯಬೇಡ್ರಿ. ಬಿಳಿ ಪ್ಲಗ್ ತಂದೆ. ಸ್ಟುಡಿಯೋಕ್ಕೆ ಹೆಂಗೂ ಒಂದು ಬೇಕಾಗಿತ್ತು.

ಅಥಣಿಯ ರೊಟ್ಟಿ ಪರೀಕ್ಷೆ

ಅಥಣಿಯಲ್ಲಿ ನನಗೊಬ್ಬ ಗೆಳೆಯ. ಜೈನ ವ್ಯಾಪಾರಿ ಮನೆತನದವ. ಅವನ ತಂಗಿಯ ಮದುವೆ ವಿಡಿಯೋ ಮಾಡಿಕೊಟ್ಟವನು ನಾನೇ. ಹಗಲು ಬೆಲ್ಲದ ಅಂಗಡಿ, ಉಳಿದ ಹೊತ್ತು ಹೆಡ್‌ಫೋನು. ಅವನ ಮೇಜಿನ ಮೇಲೆ ಒಂದಲ್ಲ ಮೂರು ಡ್ಯಾಕ್ ಇದ್ದವು. ಒಂದು ಊದುಬತ್ತಿ ಪಾಕೀಟಿನಷ್ಟು, ಒಂದು ಟಿಫಿನ್ ಡಬ್ಬಿಯಷ್ಟು, ಇನ್ನೊಂದು ಇಟ್ಟಿಗೆಯಷ್ಟು.

“ಯಾವುದು ಚಲೋ ಅನ್ನೂದನ್ನ ನಾನು ಹೇಳೂದಿಲ್ಲ, ನಿನ್ನ ಕಿವಿ ಹೇಳಲಿ” ಅಂದ. “ಆ ಕಡೆ ಮಾರಿ ಮಾಡಿ ಕುಂದರು. ನಾ ವೈರ್ ಬದಲ ಮಾಡತೇನಿ.”

ನನ್ನ ಕಿವಿಗೆ ಪರೀಕ್ಷೆ! ಕಾಲ ಮೇಲೆ ಕಾಲು ಹಾಕಿ ಕೂತೆ. ಹಿಂದೆ ಕಟಕಟ ಅಂತ ಸದ್ದಾಯಿತು, ಹಾಡು ಬಂತು.

“ಇದು ಒಣಾ ರೊಟ್ಟಿ” ಅಂದೆ. “ಕಟಕ್ ಅಂತೈತಿ, ಗಂಟಲದಾಗ ಇಳೀವಲ್ಲದು.”

ಮತ್ತೆ ಕಟಕಟ.

“ಆಹಾ! ಇದು ಬಿಸಿ ರೊಟ್ಟಿ. ಮ್ಯಾಲೆ ಬೆಣ್ಣಿ. ತಬಲಾ ನೋಡು, ಬೆಣ್ಣಿ ಕರಗಿದಂಗ ಕರಗತೈತಿ.”

ಮತ್ತೆ ಕಟಕಟ.

“ಇದಽ ನೋಡಪಾ! ಬಿಸಿ ರೊಟ್ಟಿ, ಬೆಣ್ಣಿ, ಶೇಂಗಾ ಚಟ್ನಿ, ಬಾಜೂಕ ಹಸೇ ಉಳ್ಳಾಗಡ್ಡಿ. ನನಗ ಇದ ಬೇಕು.”

ಗೆಳೆಯ ಎದುರು ಬಂದು ನಿಂತ. ಮುಖದಲ್ಲಿ ನಗೆ ತಡೆಯುತ್ತಿದ್ದ.

“ನಾ ವೈರ್ ಮುಟ್ಟೇ ಇಲ್ಲೋ. ಅಡಕೊತ್ತಿನಿಂದ ಕಟಕಟ ಅನಿಸಿದೆ. ಮೂರೂ ಸಲ ಅದೊಂದ ಡಬ್ಬಿ. ದನಿ ಮಾತ್ರ ಒಂದೀಟ, ಒಂದೀಟ ಏರಿಸಿದೆ, ಅಷ್ಟ.”

ಒಳಗಿನಿಂದ ಅವನ ಅವ್ವನ ದನಿ ಬಂತು:

“ಎಷ್ಟೊತ್ತಾತೋ ರೊಟ್ಟಿ ರೊಟ್ಟಿ ಅನ್ನಾಕತ್ತಾನ! ಪಾಪ, ಹಸದಾನ ಅಂವಾ. ಹೊತ್ತ ಮುಳುಗಾಕ ಬಂತು, ಎಲ್ಲಾರೂ ಉಣ್ಣಾಕ ಬರ್ರಿ.”

ಉಂಡೆವು. ನಿಜ ಹೇಳುತ್ತೇನೆ, ಮೂರೂ ಡಬ್ಬಿಗಿಂತ ಆ ಮನೆಯ ರೊಟ್ಟಿ ಮೇಲು. ಬೆಳಕಿದ್ದಾಗಲೇ ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಗೆಳೆಯ ಗಂಭೀರವಾಗಿ ಪಾಠ ಹೇಳಿದ. ದನಿ ಒಂದಿಷ್ಟು ಜಾಸ್ತಿಯಾದರೆ ಸಾಕು, ಎಂಥ ಕಿವಿಗೂ ಅದೇ ಚಲೋ ಅನ್ನಿಸುತ್ತದೆ, ಅದಕ್ಕೆ ಮೋಸ ಹೋಗಬಾರದು. ಕೆಲವು ಡ್ಯಾಕ್‌ಗಳಿಗೆ ಹೆಡ್‌ಫೋನಿನ ತೂತೇ ಇರುವುದಿಲ್ಲ, ಅಂಥದನ್ನು ತಂದು ಹಣೆ ಹಣೆ ಬಡಕೊಳ್ಳಬಾರದು. ಸ್ಟುಡಿಯೋದ ನಮ್ಮ ಹೆಡ್‌ಫೋನು ದಪ್ಪನೆಯದು, ಅದನ್ನು ಎಬ್ಬಿಸುವ ತಾಕತ್ತು ಡಬ್ಬಿಯೊಳಗೇ ಇರಬೇಕು. ಕೊನೆಗೆ ಅಂದ:

“ಹಾಡ ಕೇಳಿ ಆರಿಸಬ್ಯಾಡ. ಹಾಡ ನಿಲ್ಲಿಸಿ, ದನಿ ಪೂರ್ತಿ ಏರಿಸಿ, ಸುಮ್ಮನ ಕೇಳು. ಯಾವುದರಾಗ ಏನೂ ಕೇಳಸೂದಿಲ್ಲೋ ಅದು ನಿಂದು.”

ಹಾಗೇ ಮಾಡಿದೆ. ಊದುಬತ್ತಿ ಪಾಕೀಟಿನಲ್ಲಿ ಸೊಳ್ಳೆ ಇತ್ತು. ಇಟ್ಟಿಗೆಯಲ್ಲಿ ಏನೂ ಇರಲಿಲ್ಲ, ಆದರೆ ಅದರ ಬೆಲೆ ಕೇಳಿದ ಮೇಲೆ ನನಗೇ ಏನೂ ಕೇಳಿಸಲಿಲ್ಲ. ಟಿಫಿನ್ ಡಬ್ಬಿ ಹಚ್ಚಿದೆ. ಏನೂ ಇಲ್ಲ. ಮಧ್ಯಾಹ್ನ ಕೃಷ್ಣೆಯ ದಂಡೆಯಲ್ಲಿ ಒಬ್ಬನೇ ಕೂತ ಹಾಗೆ.

“ಇದಽ” ಅಂದೆ. ಈ ಸಲ ರೊಟ್ಟಿಯ ಹೆಸರು ತೆಗೆಯಲಿಲ್ಲ.

ರಾಯಬಾಗದ ಭತ್ಯೆ

ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಇಂಟರ್ನೆಟ್ಟಿನಲ್ಲಿ ತರಿಸಬೇಕು. ಅದಕ್ಕೆ ಬ್ಯಾಂಕಿನ ಕಾರ್ಡ್ ಬೇಕು. ನಮ್ಮ ಬಳಗದಲ್ಲಿ ಕಾರ್ಡ್ ಇದ್ದದ್ದು ಒಬ್ಬರಿಗೇ, ರಾಯಬಾಗದಲ್ಲಿ ಮಾಸ್ತರಿಕೆ ಮಾಡುವ ಅಕ್ಕನ ಗಂಡನಿಗೆ. ಶಾಲೆಯ ಹೊತ್ತಿನಲ್ಲೇ ಫೋನ್ ಹಚ್ಚಿದೆ. ಭಾವ ಮಾಸ್ತರರ ಕೋಣೆಯಲ್ಲಿ ಕೂತಿದ್ದರು. ಅವರದು ಐವತ್ತು ಹುಡುಗರಿಗೆ ಕೇಳಿಸಬೇಕಾದ ದನಿ, ಫೋನಿನಲ್ಲೂ ಅಷ್ಟೇ.

“ಏನು? ಡಿಎಸಿ? ... ಹೌದಾ? ... ಯಾವಾಗ ಬರತೈತಿ? ... ಎಂಟ ದಿನದಾಗ? ಖರೇನಽ?”

ನಾನು ಈ ಕಡೆ ಹೇಳುತ್ತಿದ್ದದ್ದು ಡಬ್ಬಿಯ ವಿಷಯ. ಆದರೆ ಆ ಕೋಣೆಯಲ್ಲಿದ್ದ ಮಾಸ್ತರರೆಲ್ಲ ತುಟ್ಟಿ ಭತ್ಯೆಯ ಆರ್ಡರಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದವರು. ತುಟ್ಟಿ ಭತ್ಯೆಗೆ ನೌಕರರ ಬಾಯಲ್ಲಿ ಡಿಎ ಅಂತಲೇ ಹೆಸರು. ಅವರಿಗೆ ಕೇಳಿಸಿದ್ದು ‘ಡಿಎ’, ಅದರ ಬಾಲಕ್ಕೆ ಒಂದು ‘ಸಿ’, ಮತ್ತು ‘ಎಂಟು ದಿನದಾಗ’. ಭಾವ ಫೋನ್ ಇಡುವುದರೊಳಗೆ ಒಬ್ಬರು ಚಹಾ ಹೇಳಿದ್ದರು, ಇನ್ನೊಬ್ಬರು ಮನೆಗೆ ಫೋನ್ ಮಾಡಿ ಹೊಸ ಮಿಕ್ಸರಿಗೆ ಒಪ್ಪಿಗೆ ಕೊಟ್ಟಿದ್ದರು. ಹೆಡ್‌ಮಾಸ್ತರರು ಭಾವನ ಕೈ ಕುಲುಕಿ, “ನಿಮಗ ಮ್ಯಾಲಿನಿಂದ ಸುದ್ದಿ ಬರತೈತಿ ಅಂತ ಗೊತ್ತಽ ಇರಲಿಲ್ಲ ಬಿಡ್ರಿ” ಅಂದರಂತೆ. ಭಾವನಿಗೆ ಏನೊಂದೂ ತಿಳಿಯಲಿಲ್ಲ. ಆದರೂ ಚಹಾ ಕುಡಿದರು.

ಸಂಜೆಯ ಹೊತ್ತಿಗೆ ಸುದ್ದಿ ಕುಡಚಿಯವರೆಗೆ ಓಡಿತ್ತು. ಅಲ್ಲಿನ ಒಬ್ಬ ಹಿರಿಯ ಮಾಸ್ತರರು ಭಾವನಿಗೆ ಫೋನ್ ಮಾಡಿ ತಕರಾರು ತೆಗೆದರು:

“ಏನ್ರೀ ಸರ, ಇದೆಂಥಾ ನ್ಯಾಯರಿ? ನಮ್ಮ ಕಡೆ ಇನ್ನೂ ಡಿಎ ‘ಎ’ನೂ ಬಂದಿಲ್ಲ, ‘ಬಿ’ನೂ ಬಂದಿಲ್ಲ. ನಿಮಗ ನೇರ ‘ಸಿ’ನಽ ಹೆಂಗ ಬಂತು?”

ಎಮ್ಮೆಯನ್ನು ಕೇಳಬೇಕು

ಪಾರ್ಸಲನ್ನು ಊರಿನ ವಿಳಾಸಕ್ಕೇ ತರಿಸಿದ್ದೆ. ಒಂದು ವಾರ ರಜೆ ಹಾಕಿ ಬಂದು ಕಟ್ಟೆಯ ಮೇಲೆ ಕಾಯುತ್ತ ಕೂತೆ. ಟಪಾಲಿನವರು ಸೈಕಲ್ ಮೇಲೆ ಬಂದ ಕೂಡಲೇ ಅಡ್ಡ ನಿಲ್ಲುವುದು.

“ಡ್ಯಾಕ್ ಬಂತೇನ್ರಿ?”

“ಡಾಕ್ ದಿನಾ ಬರತೈತಿ ತಮ್ಮಾ. ಅದನ್ನ ತರೂದಽ ನನ್ನ ನೌಕರಿ.” ಡಾಕ್ ಅಂದರೂ ಟಪಾಲು ಅಂದರೂ ಒಂದೇ ಅಲ್ಲವೇ, ಅವರ ತಪ್ಪಲ್ಲ.

“ಹಂಗಲ್ಲರಿ, ನಂದೊಂದು ಡ್ಯಾಕ್.”

“ಎಲ್ಲಾರದೂ ಒಂದ ಡಾಕ್. ನಿನಗ ಬ್ಯಾರೆ, ಊರಿಗ ಬ್ಯಾರೆ ಇರೂದಿಲ್ಲ.”

ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಅವರು ಸೂಟಿ ಹಾಕಿದರು. ಬದಲಿಗೆ ಬಂದವನು ಹೊಸಬ. ಪಾರ್ಸಲ್ ಅವತ್ತೇ ಬರಬೇಕೇ? ದಾರಿಯಲ್ಲಿ ಚೀಟಿ ಹರಿದು ನನ್ನ ಹೆಸರು ಹೋಗಿತ್ತು. ಉಳಿದದ್ದು ಊರಿನ ಹೆಸರು, ಮತ್ತು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಡಿ, ಎ, ಸಿ. ಹೊಸಬ ಅದನ್ನು ‘ಡಾಕ್’ ಅಂತ ಓದಿದ. ಮುಂದಿನ ‘ಟರ್’ ಬರೆಯಲು ಜಾಗ ಸಾಲಲಿಲ್ಲ ಅಂತ ತಿಳಿದ. ನಮ್ಮ ಭಾಗದಲ್ಲಿ ಡಾಕ್ಟರ್ ಅಂದರೆ ಒಬ್ಬರೇ, ದನದ ಡಾಕ್ಟರು. ನೇರ ಪಶು ದವಾಖಾನೆಗೆ ಮುಟ್ಟಿಸಿಬಿಟ್ಟ.

ಈ ಕಡೆ ನನ್ನ ಮೊಬೈಲಿನಲ್ಲಿ ‘ಪಾರ್ಸಲ್ ತಲುಪಿದೆ’ ಅಂತ ಬಂತು. ಎಲ್ಲಿ ತಲುಪಿತು ಅಂತ ಮನೆಮನೆ ವಿಚಾರಿಸಿ ದವಾಖಾನೆಗೆ ಓಡಿದೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಕಂಪೌಂಡರ್ ಒಬ್ಬರೇ ಇದ್ದರು, ಒಂದು ಎಮ್ಮೆ ಇತ್ತು. ಸ್ಟೂಲಿನ ಮೇಲೆ ನನ್ನ ಡ್ಯಾಕ್, ಬಟ್ಟೆ ಬಿಚ್ಚಿದ ಹಾಗೆ, ಹೊದಿಕೆಯೆಲ್ಲ ಬಿಚ್ಚಿಸಿಕೊಂಡು ಕೂತಿತ್ತು.

“ಬಾರಪಾ ಬಾ” ಅಂದರು ಕಂಪೌಂಡರ್. “ಇಲಾಖೆದಿಂದ ಹೊಸಾ ಮಷೀನ್ ಬಂದೈತಿ. ಇದು ಜ್ವರಾ ನೋಡೂದು ಇರಬೇಕು, ಹೌದಿಲ್ಲೋ?”

ಅವರ ಕೈಯಲ್ಲಿದ್ದದ್ದು ಹೆಡ್‌ಫೋನಿನ ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಹೊಂದಿಸಲು ಕೊಟ್ಟ ಬಂಗಾರದ ಬಣ್ಣದ ದಪ್ಪ ಪಿನ್ನು. ಬೆರಳಷ್ಟು ಉದ್ದ, ತುದಿ ನುಣುಪು. ಎಮ್ಮೆಗೆ ಜ್ವರ ನೋಡುವುದು ಎಲ್ಲಿ 	ಅಂತ ಊರಲ್ಲಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಬಾಯಲ್ಲಂತೂ ಅಲ್ಲ.

“ಮಾಮಾ,” ಅಂದೆ, “ಇದನ್ನ ಎಲ್ಲೆರ ಹಚ್ಚಿ ನೋಡೀರೇನು?”

“ನೋಡೂಣು ಅಂತ ಹಿಂದ ಹೋದೆ. ಒದ್ದುಬಿಡ್ತು ನೋಡು” ಅಂದು ಮೊಣಕಾಲು ತಿಕ್ಕಿಕೊಂಡರು.

ಉಸಿರು ಬಂತು. ಮರುಕ್ಷಣ ಮತ್ತೆ ನಿಂತಿತು.

“ಒದ್ದದ್ದು ಹಚ್ಚೂಕಿಂತ ಮೊದಲೋ, ಹಚ್ಚಿದ ಮ್ಯಾಲೋ?”

ಕಂಪೌಂಡರ್ ಎಮ್ಮೆಯ ಕಡೆ ನೋಡಿದರು. ಎಲ್ಲಾ ಒಂದೇ ಗಳಿಗೆಯಲ್ಲಿ ಆದದ್ದಂತೆ, ನೆನಪಾಗಲಿಲ್ಲ.

“ಅದನ್ನ ಎಮ್ಮಿನ ಕೇಳಬೇಕೋ” ಅಂದರು.

ಪಿನ್ನನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದೆ. ನಾಲ್ಕನೇ ಸಲ ಬೂದಿ ಹಚ್ಚಿ ತಿಕ್ಕಿದೆ.

ಜುಗೂಳದ ಸೋಮವಾರ

ಕಾಕಾ ಒಂದು ಷರತ್ತು ಹಾಕಿದ್ದರು: “ಮೊದಲ ಕೇಳಿ ಬಂದು ನಮ್ಮ ಮುಂದ ನಾಟಕ ಮಾಡಬ್ಯಾಡ. ಹೊಸಾ ಡಬ್ಬಿ ಹಚ್ಚಿ ಕೇಳೂದು ಮಂಡಳಿ ಮುಂದಽ ಆಗಬೇಕು.” ಗಂಡಸು ನಾನು, ಒಪ್ಪಿದ್ದೆ. ಸ್ಟುಡಿಯೋದ ಕಂಪ್ಯೂಟರನ್ನು ಟಂಟಂ ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚಿಕ್ಕೋಡಿಯಿಂದ ತಂದೆ. ಭಜನಾ ಮಂದಿರದಲ್ಲಿ ಊರೇ ನೆರೆದಿತ್ತು. ಹೆಣ್ಣುಮಕ್ಕಳ ಸಾಲಿನಲ್ಲಿ ನಮ್ಮ ಅಜ್ಜಿ, ನಾವೆಲ್ಲ ಆಯಿ ಅನ್ನುವವಳು, ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಕಾಕಾ ಟ್ರಂಕನ್ನು ತಂದು ತಮ್ಮ ಬಾಜೂಕ ಇಟ್ಟುಕೊಂಡಿದ್ದರು. ಇನ್ನೊಂದು ಬಾಜೂಕ ಜಮಖಾನೆ. ನನ್ನ ಕಣ್ಣಿಗೆ ಎರಡೂ ಬೀಳಲಿ ಅಂತಲೇ.

ಡ್ಯಾಕ್ ಹಚ್ಚಿದೆ. ಪಿನ್ನಿನ ಇತಿಹಾಸ ಯಾರಿಗೂ ಹೇಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಇಲ್ಲ, ಚೀಂವ್ ಇಲ್ಲ. ಹಾಡು ಬಿಟ್ಟೆ. ನಾನು ಐದು ವರ್ಷದವನಿದ್ದಾಗ ಹೋದ ಅಜ್ಜ ಎದುರಿಗೆ ಬಂದು ಕೂತ. ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಆ ಜಾಗ ಹತ್ತಿರ ಬಂತು. ಆಗ, ನೀರಿನಷ್ಟು ಸ್ವಚ್ಛವಾಗಿ ಕೇಳಿಸಿತು:

“ಬುವಾ, ಬಸ್ ಬಂತರಿ! ಕಾಗವಾಡ ಬಸ್!”

ಹಿಂದೆಯೇ ದೂರದಲ್ಲಿ ಪೋಂ ಅಂತ ಹಾರ್ನು.

ಶಾಬಾಸೂ ಅಲ್ಲ, ಸಾಕು ಅನ್ನುವ ಬಸ್ಸೂ ಅಲ್ಲ. ನಾಲ್ಕು ಗಾಲಿಯ ಬಸ್ಸು! ಹಿಂದೆ ಸರಿಸಿ ಇನ್ನೊಂದು ಸಲ ಕೇಳಿದೆ, ಮತ್ತೆ ಬಸ್ಸೇ.

“ಏನಂತೋ? ಏನಂತೋ?” ಅಂತ ಮಂದಿ. ಕಾಕಾ ಹೆಡ್‌ಫೋನ್ ಕಿತ್ತುಕೊಂಡು ಟೊಪ್ಪಿಗೆಯ ಮೇಲೆಯೇ ಹಾಕಿಕೊಂಡರು. ನಾನು ಆ ತುಣುಕನ್ನು ಮತ್ತೆ ಬಿಟ್ಟೆ. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಕಾಕಾ ಇಡೀ ಊರಿಗೆ ಕೇಳುವ ಹಾಗೆ ಒದರಿದರು:

“ಯಾರಲೇ ಇಂವಾ? ಬುವಾ ಮಗ್ನ ಆಗಿ ಕುಂತಾರ, ನಡುವ ಕಾಗಿ ಒದರಿದಂಗ ಬಸ್ ಬಂತು ಬಸ್ ಬಂತು ಅಂತಾನ! ತಲಿ ಐತೇನು ಇಂವಂಗ? ಯಾರ ಮನಿ ಹುಚ್ಚ ಇಂವಾ?”

ಕುಟ್ಟಾಣಿಯ ಸದ್ದು ನಿಂತಿತು. ಆಯಿ ಅಂದಳು:

“ನೀನಽ ಅಲ್ಲೇನೋ ಅಂವಾ!”

“ಆಂ? ಏನು?” ಹೆಡ್‌ಫೋನಿನೊಳಗೆ ಅವರಿಗೆ ಕೇಳಿಸಲಿಲ್ಲ.

ಇಡೀ ಮಂದಿರ ಒಂದೇ ದನಿಯಲ್ಲಿ ಕೂಗಿತು: “ನೀವಽ ಅಂತ್ರಿ ಕಾಕಾ!”

ಕಾಕಾ ಹೆಡ್‌ಫೋನ್ ನಿಧಾನ ತೆಗೆದರು. ಜನ ಬಿದ್ದು ಬಿದ್ದು ನಕ್ಕರು. ನಗು ಮುಗಿಯುವವರೆಗೆ ಕಾದು ಆಯಿ ನನಗೆ ಅಂದಳು, “ಅಲ್ಲಿಗೇ ನಿಲ್ಲಿಸಿದೆಲ್ಲೋ ಖೋಡಿ! ಮುಂದಿಂದ ಕೇಳು.”

ಕೇಳಿದೆ. ಹಾರ್ನು ಇನ್ನೊಂದು ಸಲ. ಬಸ್ಸು ಹೊರಟ ಸದ್ದು, ದೂರ ಹೋದ ಸದ್ದು. ಅದರ ಬುಡದಲ್ಲಿ, ಇಷ್ಟು ವರ್ಷ ಯಾರ ಕಿವಿಗೂ ಬೀಳದೆ ಮುಳುಗಿದ್ದ ಒಂದು ತಗ್ಗಿನ ದನಿ:

“ಹೋಗ್ಲಿ ಬಿಡೋ. ಹಾಡ್ಲಿ ಅಂವಾ.”

ಅದು ಬುವಾನ ದನಿ. ಅಜ್ಜ ಒಂದು ಗಳಿಗೆಯೂ ನಿಲ್ಲಿಸದೆ ಮುಂದಿನ ನುಡಿ ಎತ್ತಿದ್ದ.

ಕಾಕಾನ ಕಿವಿಗೂ ಹಾಕಿದೆ. ಅವರು ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ಆಮೇಲೆ ಸಾಲಾಗಿ ಎಲ್ಲರೂ ಕೇಳಿದರು.

“ಸಂಜಿ ಬಸ್ ಅದೊಂದಽ ಇತ್ತು” ಅಂದಳು ಆಯಿ. “ಹೋತು. ಇಬ್ಬರೂ ನಮ್ಮ ಮನ್ಯಾಗ ಉಂಡು ಮಲಗಿದ್ರು. ಬುವಾ ಎರಡ ರೊಟ್ಟಿ ಉಂಡಾ. ಈ ನಿಮ್ಮ ಅಧ್ಯಕ್ಷ ಬಸ್ ತಪ್ಪಿದ ಸಿಟ್ಟಿಲೆ ಒಂಬತ್ತ ತಿಂದಾ.”

“ಆಯಿ! ಇಷ್ಟ ವರ್ಷ ಯಾಕ ಹೇಳಲಿಲ್ಲ ನೀನು?”

“ನಿಮ್ಮಜ್ಜ ಶಾಬಾಸ್ ಅಂದ್ರು ಅಂತ ಊರ ತುಂಬ ಹೇಳಕೊಂಡು ಖುಷಿಲೆ ಇದ್ದಾ, ಇರಲಿ ಅಂತ ಬಿಟ್ಟೆ. ಆಮ್ಯಾಲೆ ನೀವು ಬಡದಾಡಾಕತ್ರಿ. ಚಿಕ್ಕೋಡಿ ಆತು, ನಿಪ್ಪಾಣಿ ಆತು, ಅಥಣಿ ಆತು, ಎಮ್ಮಿ ದವಾಖಾನಿನೂ ಆತು. ಮನ್ಯಾಗ ಕುಂತಾಕಿ ನಾನು. ನನ್ನ ಯಾರ ಕೇಳಿದ್ರಿ?”

ಈಗ ನಗುವ ಸರದಿ ಕಾಕಾನದು. ನಕ್ಕು ಮುಗಿಸಿ, ಗಂಟಲು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು.

“ಟೇಪಿನಾಗ ‘ಬಸ್’ ಅನ್ನೂ ಶಬ್ದ ಐತೋ, ಇಲ್ಲೋ?”

“ಐತ್ರಿ, ಆದ್ರ...”

“ಆದ್ರ ಗೀದ್ರ ಬ್ಯಾಡ. ಐತೋ, ಇಲ್ಲೋ?”

“ಐತ್ರಿ.”

ಜಮಖಾನೆಯನ್ನು ಎತ್ತಿ ನನ್ನ ತೋಳಿಗೆ ಹಾಕಿದರು. ಆಮೇಲೆ ಸೊಂಟದ ಕೀಲಿಕೈ ತೆಗೆದು ಟ್ರಂಕ್ ತೆರೆದರು.

“ಶಾಬಾಸ್ ಅನ್ನಾಕ ಬಾಯಿ ಇದ್ರ ಸಾಕು” ಅಂದರು. “ಬುವಾ ಮತ್ತ ಯಾರ ಸಲುವಾಗೂ ಬಸ್ ಬಿಟ್ಟಾಂವ ಅಲ್ಲ.”

ಇಷ್ಟೆಲ್ಲ ಆಗಿ ಕೊನೆಗೆ ನನ್ನ ಕೈಗೆ ಕೊಟ್ಟದ್ದು: ಹಾಸಲಿಕ್ಕೆ ಒಂದು ಜಮಖಾನೆ, ಬಾರಿಸಲಿಕ್ಕೆ ಅಜ್ಜನ ತಾಳ.